ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಮೊದಲು ಬದಲಿಸಬೇಕಾದ್ದು

ಐಫೋನಿನ ಸಫಾರಿ ಬ್ರೌಸರಿನಲ್ಲಿ ಗೂಗಲ್ ಸರ್ಚ್ ಮೊದಲೇ ಇರಲಿ ಅಂತ 2022ರಲ್ಲಿ ಗೂಗಲ್ ಆಪಲ್‌ಗೆ ಕೊಟ್ಟಿದ್ದು ಸುಮಾರು 2,000 ಕೋಟಿ ಡಾಲರ್. ಅಮೆರಿಕದ ಕೋರ್ಟ್ ದಾಖಲೆಯಿಂದ ಇದು ಗೊತ್ತಾಯಿತು. ಕಂಪನಿ ಇಟ್ಟುಕೊಟ್ಟ ಸೆಟ್ಟಿಂಗನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಅದಕ್ಕೇ ಇಷ್ಟು ದುಡ್ಡು. ನಿಮ್ಮ ಮಾಹಿತಿ ಕಂಪನಿಗಳ ಕೈಗೆ ಕಡಿಮೆ ಹೋಗಬೇಕೆಂದರೆ ನೀವು ಮುಟ್ಟಿ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಹೇಗೆ ಅಂತ ನೋಡೋಣ.

ಮೊದಲು ಕುಕೀ, ಅಂದರೆ ಸೈಟುಗಳು ನಿಮ್ಮ ಫೋನಿನಲ್ಲಿ ಇಟ್ಟುಹೋಗುವ ಚಿಕ್ಕ ಗುರುತಿನ ಕಡತ. ಒಂದು ಸೈಟಿನಲ್ಲಿ ಕುಕ್ಕರ್ ನೋಡಿದಿರಿ. ಆಮೇಲೆ ಸುದ್ದಿ ಓದಲು ಹೋದರೆ ಅಲ್ಲೂ ಅದೇ ಕುಕ್ಕರಿನ ಜಾಹೀರಾತು, ಅಲ್ವಾ? ಎರಡೂ ಕಡೆ ಕೂತಿರುವ ಜಾಹೀರಾತು ಕಂಪನಿ ತನ್ನ ಕುಕೀ ನೋಡಿ ನಿಮ್ಮನ್ನು ಗುರುತು ಹಿಡಿಯುತ್ತದೆ. ಸಫಾರಿ 2020ರಿಂದಲೇ ಇಂಥ ಹೊರಗಿನವರ (ಥರ್ಡ್ ಪಾರ್ಟಿ) ಕುಕೀಗಳನ್ನು ತಾನಾಗಿ ತಡೆಯುತ್ತಿದೆ. ಕ್ರೋಮ್‌ನಲ್ಲಿ ನಾವೇ ತಡೆಯಬೇಕು. ಮೇಲಿನ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯುರಿಟಿ, ಥರ್ಡ್ ಪಾರ್ಟಿ ಕುಕೀಸ್‌ಗೆ ಹೋಗಿ 'ಬ್ಲಾಕ್' ಆಯ್ಕೆ ಮಾಡಿ. ಯಾವುದಾದರೂ ಸೈಟಿನಲ್ಲಿ ಲಾಗಿನ್ ಆಗದಿದ್ದರೆ ಅದೊಂದಕ್ಕೆ ಮಾತ್ರ ಅನುಮತಿ ಕೊಡಿ.

ಸೆಟ್ಟಿಂಗ್ಸ್‌ನಲ್ಲೇ ಗೂಗಲ್ ಸರ್ವಿಸಸ್ ಅಂತಿದೆ. ಅಲ್ಲಿ 'ಮೇಕ್ ಸರ್ಚಸ್ ಆಂಡ್ ಬ್ರೌಸಿಂಗ್ ಬೆಟರ್' ಆನ್ ಇದ್ದರೆ ಆಫ್ ಮಾಡಿ. ನೀವು ತೆರೆದ ಪುಟಗಳ ವಿಳಾಸ ಗೂಗಲ್‌ಗೆ ಹೋಗುವುದು ಇದರಿಂದ. ಸೈಟ್ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್, ನೋಟಿಫಿಕೇಶನ್ ಪಟ್ಟಿ ನೋಡಿ, ಪರಿಚಯವಿಲ್ಲದ ಸೈಟುಗಳನ್ನು ತೆಗೆದುಹಾಕಿ.

ಇಷ್ಟಕ್ಕೇ ನಿಲ್ಲಿಸಬೇಡಿ. ಜಾಸ್ತಿ ಮಾಹಿತಿ ಇರುವುದು ನಿಮ್ಮ ಗೂಗಲ್ ಖಾತೆಯಲ್ಲಿ. ಫೋನಿನ ಸೆಟ್ಟಿಂಗ್ಸ್, ಗೂಗಲ್, ಮ್ಯಾನೇಜ್ ಯುವರ್ ಗೂಗಲ್ ಅಕೌಂಟ್, ಡೇಟಾ ಆಂಡ್ ಪ್ರೈವಸಿ ದಾಟಿ 'ವೆಬ್ ಆಂಡ್ ಆ್ಯಪ್ ಆ್ಯಕ್ಟಿವಿಟಿ' ತೆರೆಯಿರಿ. ನೀವು ಹುಡುಕಿದ ಮದ್ದು, ಕಾಯಿಲೆ, ಸಾಲದ ಬಡ್ಡಿ ಎಲ್ಲ ತಾರೀಕು, ಹೊತ್ತಿನ ಸಮೇತ ಸಾಲಾಗಿ ಕೂತಿರುತ್ತದೆ. ಒಮ್ಮೆ ಕಣ್ಣಾರೆ ನೋಡಿ, ಸೆಟ್ಟಿಂಗ್ ಬದಲಿಸುವ ಮನಸ್ಸು ತಾನಾಗಿ ಬರುತ್ತದೆ. ಕ್ರೋಮ್ ಹಿಸ್ಟರಿ ಸೇರಿಸುವ ಟಿಕ್ ತೆಗೆಯಿರಿ. ಆಟೋ ಡಿಲೀಟ್ 3 ತಿಂಗಳಿಗೆ ಇಡಿ. 2020ರ ನಂತರ ತೆರೆದ ಖಾತೆಗಳಿಗೆ ಇದು ತಾನಾಗಿ 18 ತಿಂಗಳಿಗೆ ಇರುತ್ತದೆ. ಹಳೆಯ ಖಾತೆಯಾದರೆ ನೀವಾಗಿ ಇಡದ ಹೊರತು ಯಾವುದೂ ಅಳಿಯದೇ ಇರಬಹುದು. ಪೂರ್ತಿ ಆಫ್ ಮಾಡಿದರೆ ಇನ್ನೂ ಒಳ್ಳೆಯದು.

ಕ್ರೋಮ್‌ನ ಇನ್‌ಕಾಗ್ನಿಟೋ ಮೋಡ್ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಅದು ಫೋನಿನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ. ಸೈಟಿನವರಿಗೆ, ಆಫೀಸಿನ ನೆಟ್‌ವರ್ಕಿಗೆ ನೀವು ಕಾಣುತ್ತೀರಿ. ಈ ಮೋಡ್ ಬಗ್ಗೆ ಅಮೆರಿಕದಲ್ಲಿ 2020ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ, ಕೋಟಿಗಟ್ಟಲೆ ದಾಖಲೆ ಅಳಿಸಲು ಗೂಗಲ್ 2024ರಲ್ಲಿ ಒಪ್ಪಿಕೊಂಡಿತು.

ಖಾತೆಯ ಸೆಟ್ಟಿಂಗ್ ಒಮ್ಮೆ ಬದಲಿಸಿದರೆ ಆ ಖಾತೆ ಇರುವ ಎಲ್ಲ ಕಡೆಗೂ ಸಾಕು. ಫೋನಿನಲ್ಲಿ ಎರಡು ಜಿಮೇಲ್ ಇದ್ದರೆ ಎರಡಕ್ಕೂ ಮಾಡಿ.