ಸಪ್ಪೆ ಸಮುದ್ರದ ಊರಲ್ಲಿ ಎರಡು ದಿನ

ಆಯಿ ಬಗ್ಗಿ ನೀರಲ್ಲಿ ಬೆರಳು ಅದ್ದಿದಳು. ನಾಲಿಗೆಗೆ ಮುಟ್ಟಿಸಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು.

"ತಮಾ, ಇದ್ರಲ್ಲಿ ಉಪ್ಪೇ ಇಲ್ಲೆ!"

ಆಯಿ ಅಂದರೆ ನನ್ನ ಅಮ್ಮ, ಕುಮಟಾದವಳು. ಹುಟ್ಟಿದಾಗಿಂದ ಅರಬ್ಬಿ ಸಮುದ್ರ ನೋಡಿದವಳು. ಎದುರಿಗೆ ಆಚೆ ದಡವೇ ಕಾಣದಷ್ಟು ನೀರು. ತೆರೆ ಇದೆ, ಮರಳಿದೆ, ಕೂಗುವ ಹಕ್ಕಿಗಳಿವೆ. ಇಷ್ಟೆಲ್ಲ ಇದ್ದೂ ಉಪ್ಪಿಲ್ಲ ಅಂದರೆ ಯಾರೋ ಮೋಸ ಮಾಡಿದ ಹಾಗೆ ಅನಿಸಿರಬೇಕು. ಇದು ಸರೋವರ ಅಂತ ದಾರಿಯುದ್ದಕ್ಕೂ ಹೇಳಿದ್ದೆ. ಆದರೆ ಸರೋವರ ಅಂದರೆ ಅವಳ ಕಣ್ಣ ಮುಂದೆ ಬರುವುದು ಗೋಕರ್ಣದ ಕೋಟಿತೀರ್ಥ. ಈ ಹ್ಯೂರಾನ್ ಸರೋವರ ಸುಮಾರು 59,600 ಚದರ ಕಿಲೋಮೀಟರ್. ನಮ್ಮ ಉತ್ತರ ಕನ್ನಡದಂಥ ಐದು ಜಿಲ್ಲೆ ಇದರೊಳಗೆ ಮುಳುಗಿಸಿದರೂ ಇನ್ನೂ ಜಾಗ ಉಳಿಯುತ್ತದೆ.

ನಾವಿರುವುದು ಕೆನಡಾದ ವಾಟರ್ಲೂನಲ್ಲಿ. ಆಯಿ ಬೇಸಿಗೆಗೆ ಬಂದಿದ್ದಳು. ಎಲ್ಲರ ಹಾಗೆ ನಾನೂ ಮೊದಲು ನಯಾಗರಾಕ್ಕೆ ಕರೆದುಕೊಂಡು ಹೋದೆ. ಜಾತ್ರೆಯ ಹಾಗೆ ಜನ. ಜಲಪಾತ ನೋಡಿ "ಜೋಗಕ್ಕಿಂತ ಅಗಲ" ಅಂದಳು, ಅಷ್ಟೇ. ವಾಪಸ್ ಬರುವಾಗ ಕಾರಲ್ಲಿ ಕೇಳಿದಳು, ಈ ದೇಶದಲ್ಲಿ ಗದ್ದೆ-ತೋಟ ಇಲ್ವಾ, ಇವರೆಲ್ಲ ಊಟ ಎಲ್ಲಿಂದ ಮಾಡ್ತಾರೆ ಅಂತ. ಆ ಪ್ರಶ್ನೆಯಿಂದಲೇ ಈ ಪ್ರವಾಸ ಶುರುವಾಯಿತು.

ಆರಿಸಿದ ಊರು ಗಾಡ್‌ರಿಚ್. ಒಂಟಾರಿಯೊ ಪ್ರಾಂತ್ಯದ ಹ್ಯೂರಾನ್ ಕೌಂಟಿಯಲ್ಲಿದೆ, ಜನ ಎಂಟು ಸಾವಿರದ ಒಳಗೆ. ಇಂಗ್ಲಿಷ್ ಅಕ್ಷರ ನೋಡಿ ನಾನು ವರ್ಷಗಟ್ಟಲೆ "ಗೋಡೆರಿಚ್" ಅಂತಿದ್ದೆ. ಅಲ್ಲಿಯವರು ನಕ್ಕು ತಿದ್ದಿದರು. ಆಯಿ ಮಾತ್ರ ಕೊನೆವರೆಗೂ ಗೋಡೆರಿಚ್ ಅಂತಲೇ ಕರೆದಳು. ಗೋಡೆ ಅಂದರೆ ನೆನಪಿಟ್ಟುಕೊಳ್ಳಲು ಸುಲಭವಂತೆ.

ಹೋಗುವವರಿಗೆ ಮೊದಲ ಮಾತು: ಆಗಸ್ಟ್ ಮೊದಲ ಸೋಮವಾರದ ಉದ್ದ ರಜೆಯಲ್ಲಿ ಹೋಗಬೇಡಿ. ನಾನು ಮೊದಲು ಆ ದಿನಗಳಿಗೇ ಹುಡುಕಿದೆ. ರೂಮೇ ಇರಲಿಲ್ಲ, ಇದ್ದ ಒಂದೆರಡರ ಬಾಡಿಗೆ ಕೇಳಿದರೆ ವಾಪಸ್ ಮನೆಗೆ ಹೋಗಿ ಮಲಗಿ ಬರಬಹುದು ಅನಿಸಿತು. ಅದಕ್ಕೆ ಒಂದು ವಾರ ಬಿಟ್ಟು, ಶುಕ್ರವಾರ ಬೆಳಿಗ್ಗೆ ಹೊರಟೆವು. ಊರಿಗೆ ಜನರನ್ನು ಕೊಂಡೊಯ್ಯುವ ರೈಲಿಲ್ಲ. ಕಾರು ಬೇಕೇ ಬೇಕು.

ದಾರಿ ಸುಲಭ. 8ನೇ ನಂಬರಿನ ಹೆದ್ದಾರಿ ಹಿಡಿದರೆ ಸ್ಟ್ರಾಟ್‌ಫರ್ಡ್, ಮಿಚೆಲ್, ಸೀಫೋರ್ತ್, ಕ್ಲಿಂಟನ್ ದಾಟಿ ಗಾಡ್‌ರಿಚ್‌ನಲ್ಲೇ ಮುಗಿಯುತ್ತದೆ. ನಿಲ್ಲದೆ ಹೋದರೆ ಒಂದೂವರೆ ತಾಸು. ನಮಗೆ ನಾಲ್ಕು ತಾಸು ಹಿಡಿಯಿತು. ಸ್ಟ್ರಾಟ್‌ಫರ್ಡ್ ದಾಟಿದ ಮೇಲೆ ಎರಡೂ ಕಡೆ ಬರೀ ಹೊಲ. ಮೆಕ್ಕೆಜೋಳ ಆಳೆತ್ತರ ದಾಟಿತ್ತು. ಸೋಯಾ ಮೊಣಕಾಲಿಗೆ ಬಂದಿತ್ತು. ಗೋಧಿ ಕೊಯ್ದು ಮುಗಿದು, ಹುಲ್ಲಿನ ದೊಡ್ಡ ದೊಡ್ಡ ಉರುಳೆಗಳು ಬಿದ್ದಿದ್ದವು. ಆಯಿ ಐದು ನಿಮಿಷಕ್ಕೊಮ್ಮೆ ಕಾರು ನಿಲ್ಲಿಸಲು ಹೇಳಿದಳು. ಅವಳಿಗೆ ಅರ್ಥವಾಗದೇ ಇದ್ದದ್ದು ಒಂದೇ. ಇಷ್ಟು ಹೊಲದಲ್ಲಿ ಒಬ್ಬನೂ ಮನುಷ್ಯ ಕಾಣುತ್ತಿಲ್ಲವಲ್ಲ! ಕೊನೆಗೆ ಒಂದು ಕಡೆ ದೂರದಲ್ಲಿ ಟ್ರ್ಯಾಕ್ಟರ್ ಕಂಡಾಗ ಸಮಾಧಾನದ ಉಸಿರು ಬಿಟ್ಟಳು.

ಒಂದು ಸಲ ಕಿಟಕಿ ಇಳಿಸಿದಾಗ ಗೊಬ್ಬರದ ವಾಸನೆ ಗಪ್ಪನೆ ಒಳಗೆ ಬಂತು. ಹಂದಿ, ದನ, ಕೋಳಿ ಸಾಕಣೆ ಈ ಕಡೆ ಜಾಸ್ತಿ. ನಾನು ಕಿಟಕಿ ಏರಿಸಲು ಹೋದೆ. ಆಯಿ ಬೇಡ ಅಂದಳು. ಈ ದೇಶಕ್ಕೆ ಬಂದು ಎರಡು ತಿಂಗಳಾದ ಮೇಲೆ ಮೊದಲ ಸಲ ಮೂಗಿಗೆ ಪರಿಚಯದ ವಾಸನೆ ಸಿಕ್ಕಿತಂತೆ.

ಸೀಫೋರ್ತ್ ಹತ್ತಿರ ರಸ್ತೆ ಬದಿಯಲ್ಲಿ ಒಂದು ಮೇಜು, ಮೇಲೆ ಜೋಳದ ತೆನೆ, ಪಕ್ಕದಲ್ಲಿ ದುಡ್ಡು ಹಾಕಲು ತಗಡಿನ ಡಬ್ಬಿ. ಕಾಯುವವರು ಯಾರೂ ಇಲ್ಲ. ಇಲ್ಲಿ ಚಿಲ್ಲರೆ ಇಟ್ಟುಕೊಂಡಿರಿ, ಕಾರ್ಡು ನಡೆಯುವುದಿಲ್ಲ. ನನ್ನ ಬಳಿ ಇದ್ದದ್ದು ಇಪ್ಪತ್ತರ ಒಂದೇ ನೋಟು. ಆಯಿಗೆ ಲೆಕ್ಕ ಬಿಡುವ ಅಭ್ಯಾಸ ಇಲ್ಲ. ನೋಟು ಹಾಕಿದ ಮೇಲೆ ಅದಕ್ಕೆ ಸರಿಯಾಗುವಷ್ಟು ತೆನೆ ಎಣಿಸಿ ಎಣಿಸಿ ತುಂಬಿದಳು. ಡಿಕ್ಕಿ ತುಂಬ ಜೋಳ. ಎರಡು ದಿನ ಅದನ್ನೇ ತಿಂದೆವು.

ಊಟದ ವಿಷಯಕ್ಕೆ ಬಂದರೆ, ಸಸ್ಯಾಹಾರಿಗಳು ತಯಾರಾಗಿಯೇ ಹೋಗಬೇಕು. ಸರೋವರದ ಊರು ಅಂದರೆ ಮೀನು. ಹುರಿದ ಮೀನು, ಕರಿದ ಆಲೂಗಡ್ಡೆ, ಅದೇ ಹೆಚ್ಚು. ನಾವು ಚಿಕ್ಕ ರೈಸ್ ಕುಕ್ಕರ್, ಅಕ್ಕಿ, ಅವಲಕ್ಕಿ, ಚಟ್ನಿಪುಡಿ, ಒಂದು ಡಬ್ಬಿ ಮೊಸರು ಒಯ್ದಿದ್ದೆವು. ರಾತ್ರಿ ಎಂಟರ ಮೇಲೆ ಎಲ್ಲಾದರೂ ಊಟ ಸಿಗುತ್ತದೆ ಅಂತ ನಂಬಿ ಕೂರಬೇಡಿ.

ರೂಮಿನ ವಿಷಯದಲ್ಲಿ ನಾನು ಎಡವಿದೆ. ಬುಕ್ ಮಾಡುವಾಗ ಚಿತ್ರದಲ್ಲಿ ಕಂಡದ್ದು ನೆಲಮಹಡಿ. ಕೊಟ್ಟದ್ದು ಮೇಲಿನದು. ಲಿಫ್ಟ್ ಇಲ್ಲ, ಆಯಿಗೆ ಮೊಣಕಾಲು ನೋವು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಅರ್ಧ ತಾಸು ಮಾತಾಡಿದ ಮೇಲೆ ಕೆಳಗಿನ ರೂಮು ಕೊಟ್ಟರು, ಐಸ್ ಮಾಡುವ ಯಂತ್ರದ ಗೋಡೆಗೆ ಅಂಟಿಕೊಂಡಂತೆ. ರಾತ್ರಿಯಿಡೀ ಗಡಗಡ. ವಯಸ್ಸಾದವರ ಜೊತೆ ಹೋಗುವವರು ಫೋನ್ ಮಾಡಿ ಮೆಟ್ಟಿಲು ಎಷ್ಟು ಅಂತ ಕೇಳಿಯೇ ದುಡ್ಡು ಕಟ್ಟಿ.

ಊರಿನ ನಡುವೆ ಎಂಟು ಮೂಲೆಯ ಒಂದು ಚೌಕ ಇದೆ. ಎಂಟು ಮೂಲೆ ಇದ್ದಮೇಲೆ ಚೌಕ ಹೇಗೆ ಅಂತ ಕೇಳಬೇಡಿ, ಅವರು ಹಾಗೆ ಕರೆಯುತ್ತಾರೆ. ಮಧ್ಯೆ ಕೋರ್ಟು, ಸುತ್ತ ಅಂಗಡಿ ಸಾಲು, ಅಲ್ಲಿಂದ ಎಂಟು ದಿಕ್ಕಿಗೆ ಎಂಟು ಬೀದಿ. ನಾನು ದಾರಿ ತಪ್ಪಿ ಮೂರು ಸುತ್ತು ಬಂದೆ. ಆಯಿ "ಪ್ರದಕ್ಷಿಣೆ ಆಯ್ತು, ಇನ್ನು ಸಾಕು" ಅಂದಳು. ಪಶ್ಚಿಮದ ಬೀದಿ ಹಿಡಿದರೆ ನೀರಿಗೆ ಹೋಗುತ್ತೀರಿ ಅನ್ನುವುದು ಗೊತ್ತಿದ್ದರೆ ಸಾಕಾಗಿತ್ತು.

ಚೌಕದ ಮರಗಳು ಊರಿನ ವಯಸ್ಸಿಗೆ ಹೊಂದುವುದಿಲ್ಲ. ಊರು 1827ರದ್ದು, ಮರಗಳು ಎಳೆಯವು. 2011ರ ಆಗಸ್ಟ್ 21ರ ಭಾನುವಾರ ಸರೋವರದ ಮೇಲಿಂದ ಬಂದ ಸುಂಟರಗಾಳಿ ಸೀದಾ ಚೌಕದ ಮೇಲೆ ಹಾಯಿತು. ದೊಡ್ಡ ಮರಗಳು ಉರುಳಿದವು, ಮಾಳಿಗೆಗಳು ಹಾರಿದವು. ಬಂದರಿನಲ್ಲಿ ಕೆಲಸದಲ್ಲಿದ್ದ ಒಬ್ಬರು ತೀರಿಕೊಂಡರು. ನಾವು ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದಲ್ಲಿದ್ದ ಅಜ್ಜ ಇದನ್ನು ನಿನ್ನೆ ಆದದ್ದು ಅನ್ನುವ ಹಾಗೆ ಹೇಳಿದರು. ಆಯಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಅವರ ಕೈ ನೋಡಿ ಗಾಳಿ ಯಾವ ಕಡೆಯಿಂದ ಬಂತು ಅಂತ ಸರಿಯಾಗಿ ಹೇಳಿದಳು.

ಈಗ ಉಪ್ಪಿನ ಕತೆ. ಬಂದರಿನ ಕಡೆ ಇಳಿಯುವಾಗ ದೊಡ್ಡ ಕಟ್ಟಡಗಳು, ಅವುಗಳಿಂದ ನೀರಿನ ಕಡೆ ಚಾಚಿದ ಸಾಗಣೆ ಪಟ್ಟಿ, ಕೆಳಗೆ ಇನ್ನೂರು ಮೀಟರಿಗೂ ಉದ್ದದ ಒಂದು ಹಡಗು. ಹಡಗಿನ ಹೊಟ್ಟೆಗೆ ಬೂದು ಬಣ್ಣದ ಏನೋ ಸುರಿಯುತ್ತಿತ್ತು. ಆಯಿ ಜಲ್ಲಿ ಅಂದುಕೊಂಡಳು. ಉಪ್ಪು ಅಂದೆ. ನಂಬಲಿಲ್ಲ. ಈಗಷ್ಟೇ ನಾಲಿಗೆಗೆ ಮುಟ್ಟಿಸಿ ನೋಡಿದ್ದಾಳಲ್ಲ!

ಆಗ ಹೇಳಿದೆ. 1866ರಲ್ಲಿ ಇಲ್ಲಿ ಎಣ್ಣೆ ಸಿಗುತ್ತದಾ ಅಂತ ಬಾವಿ ಕೊರೆದರು. ಎಣ್ಣೆ ಸಿಗಲಿಲ್ಲ, ಸುಮಾರು ಸಾವಿರ ಅಡಿ ಕೆಳಗೆ ಉಪ್ಪು ಸಿಕ್ಕಿತು. ನಲವತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಸಮುದ್ರ ಒಣಗಿ ಉಳಿದ ಉಪ್ಪು ಅದು. ಮೊದಲು ಉಪ್ಪುನೀರು ಮೇಲೆತ್ತಿ ಕುದಿಸಿ ಉಪ್ಪು ಮಾಡುತ್ತಿದ್ದರು. 1959ರಿಂದ ಗಣಿ. ಅರ್ಧ ಕಿಲೋಮೀಟರಿಗೂ ಆಳದಲ್ಲಿ, ಸರೋವರದ ಅಡಿಯಲ್ಲೇ ಚಾಚಿಕೊಂಡಿದೆ. ನೆಲದಡಿಯ ಉಪ್ಪಿನ ಗಣಿಗಳಲ್ಲಿ ಜಗತ್ತಿಗೇ ದೊಡ್ಡದು ಅಂತ ಹೆಸರು. ಒಳಗೆ ಹೋಗಿ ನೋಡಲು ನಮ್ಮಂಥವರನ್ನು ಬಿಡುವುದಿಲ್ಲ, ಮೇಲಿಂದಲೇ ನೋಡಬೇಕು.

ಆಯಿ ಅಲ್ಲೇ ಕೂತಳು. ಒಂದು ತಾಸು ಏಳಲಿಲ್ಲ. ನಮ್ಮ ಕಡೆ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ ಇದೆ. ಭರತಿಯ ನೀರು ಒಳಗೆ ಬಿಟ್ಟು, ಬಿಸಿಲಿಗೆ ಒಣಗಿಸಿ, ಕೆರೆದು ರಾಶಿ ಹಾಕುತ್ತಾರೆ. ಮಳೆಗಾಲ ಬಂದರೆ ಕೆಲಸ ಬಂದ್. ಮದುವೆಗೆ ಮೊದಲು ಅವಳ ಮನೆಗೆ ವರ್ಷದ ಉಪ್ಪು ಅಲ್ಲಿಂದಲೇ ಬರುತ್ತಿತ್ತಂತೆ, ಗಾಡಿಯಲ್ಲಿ. ನನಗೆ ಇದು ಗೊತ್ತೇ ಇರಲಿಲ್ಲ. ಮೇಲಿನ ನೀರು ಸಪ್ಪೆ, ಕೆಳಗಿನ ಕಲ್ಲು ಉಪ್ಪು. ದೇವರು ತಿರುಗಾ ಮುರುಗಾ ಮಾಡಿಟ್ಟಿದ್ದಾನೆ ಅಂತ ಅವಳ ತೀರ್ಮಾನ. ಇಷ್ಟು ಉಪ್ಪು ಯಾರು ತಿನ್ನುತ್ತಾರೆ ಅಂದಳು. ಜಾಸ್ತಿ ಪಾಲು ತಿನ್ನಲು ಅಲ್ಲ, ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಅಂದೆ. ಆ ಮಾತು ಅವಳಿಗೆ ಹಿಡಿಸಲಿಲ್ಲ.

ಸಂಜೆ ಸೂರ್ಯಾಸ್ತ. ಈ ಊರಿನವರು ಒಂದು ಮಾತು ಹೇಳುತ್ತಾರೆ. ಕೆಳಗೆ ಬೀಚಿನಲ್ಲಿ ಒಮ್ಮೆ ಸೂರ್ಯ ಮುಳುಗುವುದು ನೋಡಿ, ಮೆಟ್ಟಿಲು ಹತ್ತಿ ಮೇಲೆ ಓಡಿದರೆ ಇನ್ನೊಮ್ಮೆ ನೋಡಬಹುದು ಅಂತ. ಊರು ಇರುವುದು ಎತ್ತರದಲ್ಲಿ, ಕಡಿದಾದ ದಂಡೆಗೆ ನಾವು ದರೆ ಅಂತೀವಲ್ಲ, ಅಂಥದರ ಮೇಲೆ. ಆಯಿಯನ್ನು ಮೇಲೆ ಲೈಟ್‌ಹೌಸ್ ಹತ್ತಿರದ ಬೆಂಚಿನಲ್ಲಿ ಕೂರಿಸಿ ನಾನು ಕೆಳಗೆ ಹೋದೆ. ಆ ಲೈಟ್‌ಹೌಸ್ 1847ರದ್ದು. ಕುಳ್ಳಗಿದೆ. ದರೆಯೇ ಎತ್ತರ ಇರುವಾಗ ಅದು ಯಾಕೆ ಎತ್ತರ ಇರಬೇಕು?

8.40ರ ಹೊತ್ತಿಗೆ ಕೆಂಪು ಚೂರು ನೀರಿಗೆ ಇಳಿಯಿತು. ಇಳಿದದ್ದೇ ಓಡಿದೆ. ಇಪ್ಪತ್ತೆಂಟು ವರ್ಷದವನಾಗಿದ್ದರೆ ಮಾತು ಬೇರೆ. ಅರ್ಧ ಮೆಟ್ಟಿಲಿಗೇ ಉಸಿರು ಕಟ್ಟಿತು. ಫೋನ್ ಹೊಡೆಯಿತು. "ತಮಾ, ನಂಗಿನ್ನೂ ಕಾಣ್ತಾ ಇದ್ದು. ಬೇಗ ಬಾ." ಮೇಲೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. ಮೂವತ್ತು-ನಲವತ್ತು ಮೀಟರ್ ಎತ್ತರಕ್ಕೆ ಸಿಗುವುದು ಒಂದು ನಿಮಿಷಕ್ಕೂ ಕಮ್ಮಿ. ಓಡುವವರಿಗಿಂತ ಫೋನಿನಲ್ಲಿ ಮಾತಾಡುವ ಇಬ್ಬರಿಗೆ ಈ ಆಟ ಒಳ್ಳೆಯದು. ಒಬ್ಬರು ಕೆಳಗೆ, ಒಬ್ಬರು ಮೇಲೆ.

ಶನಿವಾರ ಬೆಳಿಗ್ಗೆ ಚೌಕದಲ್ಲಿ ರೈತರ ಸಂತೆ. ಬೇಗ ಹೋಗಿ, ಮಧ್ಯಾಹ್ನದ ಹೊತ್ತಿಗೆ ಖಾಲಿ. ಬಿಳಿ ಬೀನ್ಸ್ ಈ ಕೌಂಟಿಯ ಹೆಸರುವಾಸಿ ಬೆಳೆ. ಆಯಿ ಎರಡು ಕಿಲೋ ಒಣ ಕಾಳು ತೆಗೆದುಕೊಂಡಳು. ಮನೆಗೆ ಬಂದು ತೆಂಗಿನಕಾಯಿ ಅರೆದು ಹುಳಿ ಮಾಡಿದಳು, ಅದು ಬೇರೆಯೇ ಕತೆ.

ಹಳೆಯ ಜೈಲು ನೋಡಿದೆವು. ಅದೂ ಎಂಟು ಮೂಲೆಯದು. 1840ರ ದಶಕದ ಆರಂಭದಿಂದ 1972ರವರೆಗೆ ನಡೆದದ್ದು. ಕಳ್ಳರ ಜೊತೆಗೆ, ಹೋಗಲು ಜಾಗವಿಲ್ಲದ ಬಡ ಮುದುಕರನ್ನೂ ಒಂದು ಕಾಲದಲ್ಲಿ ಅಲ್ಲೇ ಇಟ್ಟಿದ್ದರು. ಆಯಿ ಒಳಗೆ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಮೇಟ್‌ಲ್ಯಾಂಡ್ ನದಿಯ ಮೇಲಿನ 1907ರ ರೈಲು ಸೇತುವೆ ಮಾತ್ರ ಅವಳಿಗೆ ಇಷ್ಟವಾಯಿತು. ಈಗ ಅದರ ಮೇಲೆ ನಡೆಯುವವರು, ಸೈಕಲ್‌ನವರು ಮಾತ್ರ. ಸಮತಟ್ಟು, ಮೆಟ್ಟಿಲಿಲ್ಲ. ಅಳಿವೆ ಕಾಣುತ್ತದೆ. ಅಘನಾಶಿನಿಯ ಹಾಗೆ ಅಂದಳು. ಅಷ್ಟೇನೂ ಹಾಗಿಲ್ಲ, ಆದರೆ ನಾನು ಹೂಂ ಅಂದೆ.

ನೀರಿಗಿಳಿಯುವವರಿಗೆ ಒಂದು ಮಾತು. ಭರತಿ-ಇಳಿತ ಕಾಣುವುದಿಲ್ಲ, ಉಪ್ಪಿಲ್ಲ, ಹಾಗಾಗಿ ಕೆರೆ ಅಂದುಕೊಳ್ಳಬೇಡಿ. ಗಾಳಿ ಎದ್ದರೆ ಇದು ಸಮುದ್ರವೇ. 1913ರ ನವೆಂಬರಿನ ಬಿರುಗಾಳಿಯಲ್ಲಿ ಈ ದೊಡ್ಡ ಸರೋವರಗಳಲ್ಲಿ 250ರ ಆಸುಪಾಸು ನಾವಿಕರು ಸತ್ತರು. ಹ್ಯೂರಾನ್‌ಗೇ ಹೆಚ್ಚು ಪೆಟ್ಟು ಬಿದ್ದದ್ದು. ಕಾಲಿಗೆ ಚಪ್ಪಲಿಯೂ ಇರಲಿ, ಬೀಚಿನಲ್ಲಿ ಮರಳಿನಷ್ಟೇ ಕಲ್ಲೂ ಇದೆ.

ವಾಪಸ್ ಬರುವಾಗ ಹೆದ್ದಾರಿ ಬಿಟ್ಟು ಬ್ಲೈತ್, ಲಿಸ್ಟೊವೆಲ್, ಎಲ್ಮೈರಾ ದಾರಿ ಹಿಡಿದೆವು. ಎಲ್ಮೈರಾ ಹತ್ತಿರ ಮೆನ್ನೊನೈಟರ (ಇವರು ಒಂದು ಕ್ರೈಸ್ತ ಪಂಗಡ, ಕೆಲವರು ಇನ್ನೂ ಹಳೆಯ ರೀತಿಯಲ್ಲೇ ಬದುಕುತ್ತಾರೆ) ಕುದುರೆಗಾಡಿಗಳು, ಹಿಂದೆ ನಿಧಾನದ ಗಾಡಿ ಅನ್ನುವ ಗುರುತಿಗೆ ಕಿತ್ತಳೆ ಬಣ್ಣದ ತ್ರಿಕೋನ. ದಿಣ್ಣೆ ಇಳಿಯುವಾಗ ನಿಧಾನ ಮಾಡಿ, ಗಾಡಿ ಎದುರಿಗೇ ಇರುತ್ತದೆ. ಒಂದು ಗಾಡಿಯ ಹಿಂದೆ ಹತ್ತು ನಿಮಿಷ ಹೋದೆವು. ದಾಟು ಅಂತ ಆಯಿ ಹೇಳಲಿಲ್ಲ, ನಾನೂ ದಾಟಲಿಲ್ಲ.

ಡಿಸೆಂಬರಿನಲ್ಲಿ ಆಯಿ ಕುಮಟಾದಲ್ಲಿದ್ದಳು. ಬೆಳಿಗ್ಗೆ ಬಾಗಿಲ ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿತ್ತು. ವಿಡಿಯೊ ಕಾಲ್‌ನಲ್ಲಿ ಉಪ್ಪಿನ ಚೀಲ ತೋರಿಸಿದೆ. ಗೋಡೆರಿಚ್ ಉಪ್ಪಾ ಅಂತ ಕೇಳಿದಳು. ಚೀಲದ ಮೇಲೆ ಊರಿನ ಹೆಸರಿರಲಿಲ್ಲ. ಹೌದು ಅಂದುಬಿಟ್ಟೆ. ನಾನು ಒಂದು ಹಿಡಿ ಎರಚಿದ್ದು ನೋಡಿ ಮುಖ ಸಣ್ಣ ಮಾಡಿದಳು.

"ಉಪ್ಪು ತುಳಿಲಾಗ ತಮಾ."

ಫೋನನ್ನು ಆಕಾಶದ ಕಡೆ ತಿರುಗಿಸಿ, ಕೊನೆಯ ಮೆಟ್ಟಿಲಿಗೆ ಇನ್ನೊಂದು ಹಿಡಿ ಹಾಕಿದೆ.