ಜಾಂಗೋ ಸ್ಟ್ಯಾಟಿಕ್ ಫೈಲುಗಳನ್ನು ಎಸ್3ಗೆ ಏರಿಸುವುದು: ನನ್ನ ಅನುಭವ

ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿಗಳಿಗಾಗಿ ಹುಬ್ಬಳ್ಳಿಯಿಂದ ನೋಡಿಕೊಳ್ಳುವ ಸೈಟೊಂದಿದೆ, ಪೈಥಾನ್‌ನ ಜಾಂಗೋ ಎಂಬ ವೆಬ್ ಚೌಕಟ್ಟಿನಲ್ಲಿ ಕಟ್ಟಿದ್ದು. ಅದರ ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಕನ್ನಡ ಫಾಂಟು, ಕಡ್ಡಿ-ಡಬ್ಬಿ ಕಾಯಿಯ ಚಿತ್ರಗಳೆಲ್ಲ, ಅಂದರೆ ಸ್ಟ್ಯಾಟಿಕ್ ಫೈಲುಗಳು, ಅಮೆಜಾನ್‌ನ ಫೈಲು ಸಂಗ್ರಹ ಸೇವೆ ಎಸ್3ಯ ಮುಂಬೈ ರೀಜನ್‌ನಲ್ಲಿವೆ. ಏರಿಸುವ ಕೆಲಸ ಜಾಂಗೋ-ಸ್ಟೋರೇಜಸ್ ಪ್ಲಗಿನ್‌ನದು. ಯಾವ ಹೆಸರಿನಲ್ಲಿ, ಯಾವ ಹೆಡರಿನೊಂದಿಗೆ (ಫೈಲಿನ ಜೊತೆ ಬ್ರೌಸರಿಗೆ ಹೋಗುವ ಸೂಚನೆ), ಯಾವ ಕ್ರಮದಲ್ಲಿ ಏರಿಸಬೇಕು ಎಂಬುದನ್ನು ಮಾತ್ರ ನಾವೇ ತೀರ್ಮಾನಿಸಬೇಕು.

ಜಾಂಗೋ 4.2ರಿಂದ ಈಚೆಗೆ ಇದೆಲ್ಲ ಸ್ಟೋರೇಜಸ್ ಎಂಬ ಒಂದೇ ಸೆಟ್ಟಿಂಗ್‌ನಲ್ಲಿ ಬರುತ್ತದೆ. ಅದರ ಸ್ಟ್ಯಾಟಿಕ್‌ಫೈಲ್ಸ್ ಭಾಗಕ್ಕೆ ಪ್ಲಗಿನ್‌ನ ಎಸ್3 ಮ್ಯಾನಿಫೆಸ್ಟ್ ಸ್ಟ್ಯಾಟಿಕ್ ಸ್ಟೋರೇಜನ್ನೇ ಕೊಡಿ. ಬರೀ ಎಸ್3 ಸ್ಟೋರೇಜ್ ಕೊಟ್ಟು ಕಸ್ಟಮ್ ಡೊಮೇನ್ ಹಾಕದಿದ್ದರೆ ಪ್ರತಿ ಲಿಂಕಿಗೂ 3600 ಸೆಕೆಂಡಿಗೆ ಮುಗಿಯುವ ಅನುಮತಿಯ ಸಹಿ ಅಂಟುತ್ತದೆ. ಸಹಿ ಬದಲಾದ ಹಾಗೆ ಲಿಂಕೂ ಬದಲಾಗುವುದರಿಂದ ಬ್ರೌಸರ್ ಅದೇ ಫೈಲನ್ನು ಮತ್ತೆ ಮತ್ತೆ ಇಳಿಸಿಕೊಳ್ಳುತ್ತದೆ. ಮ್ಯಾನಿಫೆಸ್ಟ್ ಬಗೆಯಲ್ಲಿ ಫೈಲಿನ ಒಳಗಿನದ್ದನ್ನು ನೋಡಿ ಲೆಕ್ಕ ಹಾಕಿದ ಹ್ಯಾಶ್, ಅಂದರೆ ಗುರುತಿನ ಅಕ್ಷರಸಾಲು, ಹೆಸರಿಗೇ ಸೇರುತ್ತದೆ; ಯಾವ ಮೂಲ ಹೆಸರಿಗೆ ಯಾವ ಹ್ಯಾಶ್ ಹೆಸರು ಎಂಬ ಪಟ್ಟಿಯೇ ಮ್ಯಾನಿಫೆಸ್ಟ್. ಆಗ ಬ್ರೌಸರ್ ಫೈಲನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದೆಂದು ಹೇಳುವ ಕ್ಯಾಶ್-ಕಂಟ್ರೋಲ್ ಹೆಡರಿಗೆ 31536000 ಸೆಕೆಂಡು, ಅಂದರೆ ಪೂರ್ತಿ ಒಂದು ವರ್ಷ, ಜೊತೆಗೆ ಇಮ್ಯೂಟಬಲ್ (ಬದಲಾಗದ್ದು) ಎಂದು ಧೈರ್ಯವಾಗಿ ಕೊಡಬಹುದು. ಫೈಲುಗಳನ್ನು ಗಿರಾಕಿಗಳಿಗೆ ಹತ್ತಿರದಿಂದ ಹಂಚುವ ಅಮೆಜಾನ್ ಸೇವೆ ಕ್ಲೌಡ್‌ಫ್ರಂಟ್‌ನಲ್ಲಿ ಇನ್‌ವ್ಯಾಲಿಡೇಶನ್, ಅಂದರೆ ಹಳೆಯ ಪ್ರತಿಗಳನ್ನು ತೆಗೆಸುವ ಕೆಲಸ, ಮಾಡುತ್ತ ಕೂರಬೇಕಿಲ್ಲ.

ಬಕೆಟ್ (ಎಸ್3ಯಲ್ಲಿ ಫೈಲುಗಳನ್ನಿಡುವ ಜಾಗ) ಖಾಸಗಿಯಾಗಿಯೇ ಇರಲಿ. ಅದರ ಎದುರಿಗೆ ಕ್ಲೌಡ್‌ಫ್ರಂಟ್ ಇಟ್ಟು, ಒರಿಜಿನ್ ಆಕ್ಸೆಸ್ ಕಂಟ್ರೋಲ್ ಮೂಲಕ ಅದಕ್ಕೊಂದಕ್ಕೇ ಓದಲು ಬಿಡಿ. ಕಸ್ಟಮ್ ಡೊಮೇನ್‌ನ ಸರ್ಟಿಫಿಕೇಟ್ ಮಾತ್ರ ನಾರ್ತ್ ವರ್ಜಿನಿಯಾ ರೀಜನ್‌ನಲ್ಲಿರಬೇಕು. ಮುಂಬೈಯಲ್ಲಿ ಮಾಡಿಸಿದ್ದು ಪಟ್ಟಿಯಲ್ಲೇ ಕಾಣುವುದಿಲ್ಲ. ಹಳೆಯ ಪಾಠಗಳನ್ನು ನೋಡಿ ಎಸಿಎಲ್‌ಗೆ (ಫೈಲನ್ನು ಯಾರು ಓದಬಹುದೆಂಬ ಪಟ್ಟಿ) ಪಬ್ಲಿಕ್-ರೀಡ್ ಹಾಕಿದರೆ ಅಪ್‌ಲೋಡ್ ನಿಂತೇ ಹೋಗುತ್ತದೆ, ಏಕೆಂದರೆ 2023ರ ಏಪ್ರಿಲ್ ನಂತರದ ಬಕೆಟ್‌ಗಳಲ್ಲಿ ಎಸಿಎಲ್ ಮೊದಲಿನಿಂದಲೇ ಬಂದ್. ಏರಿಸುವ ಖಾತೆಯ ಪರವಾನಗಿಯಲ್ಲಿ ಪುಟ್, ಗೆಟ್, ಡಿಲೀಟ್ ಜೊತೆಗೆ ಲಿಸ್ಟ್‌ಬಕೆಟ್ ಕೂಡ ಬೇಕು. ಅದಿಲ್ಲದಿದ್ದರೆ ಇನ್ನೂ ಏರದ ಫೈಲಿನ ಬಗ್ಗೆ ಕೇಳಿದಾಗ ಎಸ್3 404 (ಸಿಗಲಿಲ್ಲ) ಎನ್ನದೆ 403 (ಅನುಮತಿ ಇಲ್ಲ) ಎನ್ನುತ್ತದೆ. ಹುಡುಕುವವರು ಪ್ರವೇಶದ ಕೀ ತಪ್ಪಿರಬೇಕೆಂದು ಅಲ್ಲೇ ತಡಕಾಡುತ್ತಾರೆ.

ಕನ್ನಡ ಸೈಟಿಗೆ ಹೆಚ್ಚು ಕಾಟ ಕೊಡುವುದು ಫಾಂಟು. ಬೇರೆ ಡೊಮೇನ್‌ನಿಂದ ಬರುವ ಫಾಂಟಿಗೆ ಸಿಒಆರ್‌ಎಸ್ ಹೆಡರ್ (ಬೇರೆ ಸೈಟು ಬಳಸಲು ಅನುಮತಿ) ಇಲ್ಲದಿದ್ದರೆ ಬ್ರೌಸರ್ ಅದನ್ನು ಬಳಸದೆ ಫೋನಿನ ಫಾಂಟಿಗೆ ಜಾರುತ್ತದೆ. ಅಕ್ಷರ ಹೇಗೂ ಕಾಣುತ್ತವಲ್ಲ, ಹಾಗಾಗಿ ಯಾರೂ ದೂರುವುದಿಲ್ಲ. ಸಾಲು ಮಾತ್ರ ಎಲ್ಲೆಲ್ಲೋ ಮುರಿದು ದರಪಟ್ಟಿಯ ಕಾಲಂ ಕೆಡುತ್ತದೆ. ಕ್ಲೌಡ್‌ಫ್ರಂಟ್‌ನ ರೆಸ್ಪಾನ್ಸ್ ಹೆಡರ್ಸ್ ಪಾಲಿಸಿಯಲ್ಲಿ ಸಿಂಪಲ್ ಸಿಒಆರ್‌ಎಸ್ ಆರಿಸಿದರೆ ಅಲ್ಲಿಗೆ ಮುಗಿಯಿತು. ಫಾಂಟಿನ ತೂಕ ಇಳಿಸಲು ಬರೀ ಕನ್ನಡ ಯೂನಿಕೋಡ್ ಬ್ಲಾಕಿನ 128 ಸ್ಥಾನಗಳನ್ನು ಉಳಿಸಿಕೊಂಡರೆ ಸಾಲದು. ರೂಪಾಯಿ ಚಿಹ್ನೆ, ಅಕ್ಷರ ಕೂಡಿಸುವ-ಬಿಡಿಸುವ ಕಾಣದ ಚಿಹ್ನೆಗಳಾದ ಜೀರೋ ವಿಡ್ತ್ ಜಾಯ್ನರ್, ನಾನ್-ಜಾಯ್ನರ್ ಮೂರೂ ಆ ಬ್ಲಾಕಿನ ಹೊರಗಿವೆ. ದರ ತೋರಿಸುವ ಸೈಟಿನಲ್ಲಿ ರೂಪಾಯಿ ಚಿಹ್ನೆಯೇ ಬೇರೆ ಫಾಂಟಿನಲ್ಲಿ ಬಂದರೆ ಚೆನ್ನಾಗಿ ಕಾಣದು.

ಸ್ಟ್ಯಾಟಿಕ್ ಫೈಲುಗಳನ್ನೆಲ್ಲ ಒಟ್ಟುಗೂಡಿಸಿ ಏರಿಸುವ ಜಾಂಗೋದ ಕಲೆಕ್ಟ್‌ಸ್ಟ್ಯಾಟಿಕ್ ಆದೇಶವನ್ನು ಇಲ್ಲಿನ ಬ್ರಾಡ್‌ಬ್ಯಾಂಡಿನಿಂದ ಓಡಿಸಿದರೆ ಬಹಳ ನಿಧಾನ. ಜಾಂಗೋ ಅಡ್ಮಿನ್ ಒಂದೇ ನೂರಕ್ಕೂ ಹೆಚ್ಚು ಫೈಲು ತರುತ್ತದೆ. ಒಂದೊಂದಕ್ಕೂ ಎಸ್3ಯಲ್ಲಿ ಬದಲಾದ ಸಮಯ ಕೇಳಬೇಕು, ಸಿಎಸ್‌ಎಸ್ ಒಳಗಿನ ಹೆಸರು ತಿದ್ದಿ ಮತ್ತೆ ಬರೆಯಬೇಕು. ಗಿಟ್‌ನಿಂದ ಹೊಸದಾಗಿ ಕ್ಲೋನ್ ಮಾಡಿದಲ್ಲಿ ಎಲ್ಲ ಫೈಲುಗಳ ಸಮಯವೂ ಹೊಸದು, ಹಾಗಾಗಿ ಎಲ್ಲವೂ ಮತ್ತೆ ಏರುತ್ತವೆ. ನಾನು ಮುಂಬೈ ರೀಜನ್‌ನ ಸರ್ವರಿನಲ್ಲೇ, ಅಳಿಸದೆ ಉಳಿಸಿಕೊಂಡ ಫೋಲ್ಡರಿನಿಂದ ಓಡಿಸುತ್ತೇನೆ.

ಕ್ರಮ ಹೀಗೆ: ಮೊದಲು ಕಲೆಕ್ಟ್‌ಸ್ಟ್ಯಾಟಿಕ್, ಆಮೇಲೆ ಗುನಿಕಾರ್ನ್ (ಜಾಂಗೋ ಓಡಿಸುವ ಸರ್ವರ್ ತಂತ್ರಾಂಶ) ರೀಲೋಡ್. ಅದರ ವರ್ಕರ್‌ಗಳು ಮ್ಯಾನಿಫೆಸ್ಟನ್ನು ಏಳುವಾಗ ಒಮ್ಮೆ ಓದಿ ನೆನಪಿನಲ್ಲಿಟ್ಟುಕೊಳ್ಳುತ್ತವೆ. ರೀಲೋಡ್ ಆಗುವ ತನಕ ಅವು ಹಳೆಯ ಹೆಸರುಗಳನ್ನೇ ಹೇಳುತ್ತವೆ, ಹಾಗಾಗಿ ಹಳೆಯ ಫೈಲು ಬಕೆಟ್‌ನಲ್ಲಿ ಇರಲೇಬೇಕು. ಕ್ಲಿಯರ್ ಆಯ್ಕೆ ಬೇಡವೇ ಬೇಡ: ಅದು ಮೊದಲು ಎಲ್ಲವನ್ನೂ ಅಳಿಸಿ ಆಮೇಲೆ ಏರಿಸಲು ಶುರು ಮಾಡುತ್ತದೆ. ಪೇಟೆಯ ದಿನ ಬೆಳಗ್ಗೆ ಸೈಟು ಸಿಎಸ್‌ಎಸ್ ಇಲ್ಲದೆ ನಿಂತರೆ ಫೋನು ನಿಲ್ಲುವುದಿಲ್ಲ. ಹಿಂದಿನ ಆವೃತ್ತಿಗೆ ಮರಳಿದಾಗಲೂ ಕಲೆಕ್ಟ್‌ಸ್ಟ್ಯಾಟಿಕ್ ಮತ್ತೊಮ್ಮೆ ಓಡಿಸಿ, ಏಕೆಂದರೆ ಬಕೆಟ್‌ನಲ್ಲಿರುವುದು ಹೊಸ ಮ್ಯಾನಿಫೆಸ್ಟು.

ಜಾಂಗೋದ ಡೀಬಗ್ (ದೋಷ ಹುಡುಕುವಾಗಿನ ಸೆಟ್ಟಿಂಗ್) ಚಾಲೂ ಇದ್ದಾಗ ಹ್ಯಾಶ್ ಹೆಸರು ಬಳಕೆಯಾಗುವುದಿಲ್ಲ. ಟೆಂಪ್ಲೇಟಿನಲ್ಲಿ ಹೆಸರು ತಪ್ಪಿದ್ದರೆ ಅದು 500 ಎರರ್ ಆಗಿ ಕಾಣುವುದು ಲೈವ್ ಸೈಟಿನಲ್ಲೇ. ಡೀಬಗ್ ಬಂದ್ ಮಾಡಿ ಒಮ್ಮೆ ಎಲ್ಲ ಪುಟ ತೆರೆದು ನೋಡಿ. ಜಾವಾಸ್ಕ್ರಿಪ್ಟಿನಲ್ಲಿ ನೇರವಾಗಿ ಬರೆದ ಚಿತ್ರದ ದಾರಿಯನ್ನು ಜಾಂಗೋ ತಿದ್ದುವುದಿಲ್ಲ. ಹ್ಯಾಶ್ ಇಲ್ಲದ ಮೂಲ ಫೈಲಿಗೂ ಅದೇ ಒಂದು ವರ್ಷದ ಕ್ಯಾಶ್ ಇರುವುದರಿಂದ ಹೊಸ ಚಿತ್ರ ಹಾಕಿದರೂ ಗಿರಾಕಿಗೆ ಹಳೆಯದೇ ಕಾಣುತ್ತದೆ. ಅಂಥ ದಾರಿಗಳನ್ನು ಟೆಂಪ್ಲೇಟಿನಿಂದ ಎಚ್‌ಟಿಎಂಎಲ್‌ನ ಡೇಟಾ ಗುಣವಾಗಿ (ಡೇಟಾ ಆಟ್ರಿಬ್ಯೂಟ್) ಕಳಿಸಿ.

ಹಳೆಯ ಫೈಲುಗಳನ್ನು ಕಳೆಯಲು ಎಸ್3ಯ ಲೈಫ್‌ಸೈಕಲ್ ನಿಯಮ (ದಿನ ಎಣಿಸಿ ತಾನೇ ಅಳಿಸುವುದು) ಹಾಕಬೇಡಿ. ಅದು ಎಣಿಸುವುದು ಫೈಲು ಏರಿದ ದಿನದಿಂದ; ಬದಲಾಗದ ಫಾಂಟು, ಚಿತ್ರ ಮತ್ತೆ ಏರುವುದೇ ಇಲ್ಲವಾದ್ದರಿಂದ 90 ದಿನದ ನಿಯಮ ಬಳಕೆಯಲ್ಲಿರುವುದನ್ನೇ ಅಳಿಸುತ್ತದೆ. ಮ್ಯಾನಿಫೆಸ್ಟಿನ ಎರಡೂ ಬದಿಯ (ಮೂಲ ಮತ್ತು ಹ್ಯಾಶ್) ಹೆಸರುಗಳನ್ನು ಪಟ್ಟಿ ಮಾಡಿ, ಅದರಲ್ಲಿಲ್ಲದ, 30 ದಿನ ದಾಟಿದವನ್ನು ಮಾತ್ರ ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟಿನಿಂದ ಅಳಿಸಿ. ಆ ಸ್ಕ್ರಿಪ್ಟು ಮ್ಯಾನಿಫೆಸ್ಟ್ ಫೈಲೇ ಆದ ಸ್ಟ್ಯಾಟಿಕ್‌ಫೈಲ್ಸ್ ಡಾಟ್ ಜೇಸನ್ ಅನ್ನು ಮುಟ್ಟದಂತೆ ಹೊರಗಿಡಿ, ಮ್ಯಾನಿಫೆಸ್ಟಿನ ಪಟ್ಟಿಯಲ್ಲಿ ಅದರ ಹೆಸರೇ ಇರುವುದಿಲ್ಲ.