ಅವರೆಕಾಯಿ ಸುರಿದ ಮೇಲೆ ಮಾತು ಬಂತು

ಚನ್ನರಾಯಪಟ್ಟಣದ ಕಡೆಯ ನಮ್ಮೂರಲ್ಲಿ ಹಿರಿಯರ ಕೂಟ ಮಾಡುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ‘ಟೀಚರಮ್ಮ, ಇವರೇನು ಅಂಗನವಾಡಿ ಮಕ್ಕಳಾ, ಕರೆದರೆ ಬಂದು ಕೂರೋಕೆ?’ ಅಂದರು. 28 ವರ್ಷ ಮಕ್ಕಳನ್ನು ಕೂರಿಸಿದವಳು ನಾನು, ಆಗುತ್ತೆ ಅಂದುಕೊಂಡೆ. ಮೊದಲ ವರ್ಷ ಆಗಲಿಲ್ಲ.

ಪ್ರಾಣಾಯಾಮಕ್ಕೆ ಅಂತ ಹಾಸನದಿಂದ ಒಬ್ಬರನ್ನು ಕರೆಸಿದೆ. ಕಾರು, ಶಾಮಿಯಾನ, ಉಪ್ಪಿಟ್ಟು ಸೇರಿ 4,000ದ ಹತ್ತಿರ ಹೋಯಿತು, ಎಲ್ಲಾ ನನ್ನ ಕೈಯಿಂದ. ಉಪ್ಪಿಟ್ಟಿಗೆ 40 ಜನ, ಮುಂದಿನ ವಾರ ಮೂರೇ ಜನ. ಆಮೇಲೆ ‘ಮನಸ್ಸಿನಲ್ಲಿರೋದು ಹೇಳಿಕೊಳ್ಳಿ’ ಅಂತ ಸುತ್ತ ಕೂರಿಸಿದೆ. ಅದು ಇನ್ನೂ ಕೆಟ್ಟಿತು. ಒಬ್ಬ ಅಜ್ಜಿ ಸೊಸೆ ವಿಷಯ ಬಾಯಿಬಿಟ್ಟರು. ಸಂಜೆ ಡೈರಿಗೆ ಹಾಲು ಹಾಕೋ ಹೊತ್ತಿಗೆ ಅದು ಸೊಸೆ ಕಿವಿಗೆ ಬಿದ್ದಿತ್ತು. ಆ ಅಜ್ಜಿ ಆರು ತಿಂಗಳು ನನ್ನ ಕಡೆ ತಿರುಗಿ ನೋಡಲಿಲ್ಲ.

ದಾರಿ ಸಿಕ್ಕಿದ್ದು ಅವರೆಕಾಯಿ ಕಾಲದಲ್ಲಿ. ಮನೆಗೆ ನೆಂಟರು ಬಂದಿದ್ದರು, ಹಿತಕಿದ ಬೇಳೆ ಸಾರು ಆಗಬೇಕಿತ್ತು. ಐದಾರು ಕೆಜಿ ಸೊಗಡು ಕಾಯಿ ಜಗಲಿ ಮೇಲೆ ಸುರಿದು ‘ಒಸಿ ಕೈ ಹಾಕಿ ಬನ್ನಿ’ ಅಂತ ಕೂಗಿದೆ. ಏಳು ಜನ ಬಂದರು. ಎಲ್ಲರ ಕಣ್ಣೂ ಕಾಯಿ ಮೇಲೆ. ಒಬ್ಬರ ಮುಖ ಒಬ್ಬರು ನೋಡದೆ ಗಂಡ ಹೋದದ್ದು, ರಾತ್ರಿ ಎರಡಕ್ಕೆ ಎಚ್ಚರವಾಗೋದು, ಬೆಂಗಳೂರಿನ ಮಗ ಫೋನ್ ಎತ್ತದಿರೋದು ಎಲ್ಲಾ ಆಡಿದರು. ಅವತ್ತಿನಿಂದ ‘ಕೂಟ’ ಅನ್ನೋ ಮಾತೇ ಎತ್ತಿಲ್ಲ. ನನಗೊಂದು ಕೆಲಸ ಮಾಡಿಕೊಡಿ ಅಂತ ಕರೆಯುತ್ತೇನೆ, ಅಷ್ಟೇ. ಅವರೆ ಮುಗಿದರೆ ಹುಣಸೆಹಣ್ಣಿದೆ, ಬೀಜ ತೆಗೆಯೋಕೆ ಎರಡು ತಿಂಗಳು ಸಾಲದು.

ಗಂಡಸರು ಇದಕ್ಕೆ ಬರಲ್ಲ. ಅವರಿಗೆ ತೆಂಗಿನ ಗರಿ ಕೊಟ್ಟು ಪೊರಕೆ ಕಟ್ಟಿಸಿದೆ. ಸುಮ್ನೆ ಇರದೆ ಅದನ್ನು ಮಾರಿದೆ. ದುಡ್ಡು ಬಂದ ವಾರವೇ ಜಗಳ! ಈಗ ಪೊರಕೆ ಶಾಲೆಗೆ, ದೇವಸ್ಥಾನಕ್ಕೆ.

ಇಬ್ಬಿಬ್ಬರದ್ದು ಜೋಡಿ. ಬೆಳಿಗ್ಗೆ ಒಬ್ಬರು ಡೈರಿ ಹತ್ತಿರ ಕಾಣದಿದ್ದರೆ ಇನ್ನೊಬ್ಬರು ಹೋಗಿ ಬಾಗಿಲು ಬಡಿಯಬೇಕು, ಬಿಪಿ ಮಾತ್ರೆ ಆಯ್ತಾ ಕೇಳಬೇಕು. ಯಾರಿಗೆ ಯಾರನ್ನು ಜೋಡಿಸುತ್ತೇನೆ ಅನ್ನೋ ಲೆಕ್ಕ ಮಾತ್ರ ಇಲ್ಲಿ ಬರೆಯಲ್ಲ. ಗೆಳತಿಯರನ್ನೇ ಜೋಡಿ ಮಾಡಬೇಡಿ, ಅಷ್ಟು ಹೇಳಬಲ್ಲೆ.

ಎಲ್ಲದಕ್ಕೂ ಜಗಲಿ ಸಾಲದು. ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದ ಒಬ್ಬರಿಗೆ ಟೆಲಿ ಮಾನಸ್, ಅಂದರೆ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಅದರ 14416ಕ್ಕೆ ಫೋನ್ ಹಚ್ಚಿಕೊಟ್ಟೆ. ಕನ್ನಡದಲ್ಲೇ ಮಾತಾಡಿದರು, ದುಡ್ಡೇನೂ ಇಲ್ಲ. ಆಮೇಲೆ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದೆವು.

ಈಗ ಬರೋರು 18 ಜನ ಇರಬಹುದು. ಟೀಪುಡಿ, ಹಾಲು, ಸಕ್ಕರೆಗೆ ತಿಂಗಳಿಗೆ 400 ರೂಪಾಯಿ. ಅರ್ಧಕ್ಕರ್ಧ ಶುಗರ್‌ನವರು, ಹಾಗಾಗಿ ಸಕ್ಕರೆ ಉಳಿಯುತ್ತೆ.